ಅತ್ತೆ ಬರುವ ದಾರಿಗೆ ಬಡಿದ ಮೊಳೆ

ಹಾಲೇಶನಿಗೆ ವರ್ಷಕ್ಕೊಮ್ಮೆ ಒಂದು ಅದ್ಭುತ ಯೋಚನೆ ಬರುತ್ತಿತ್ತು. ಬಂದ ಯೋಚನೆ ಹೋಗುವಾಗ ಮನೆಯಲ್ಲಿ ಏನಾದರೊಂದನ್ನು ಮುರಿದೇ ಹೋಗುತ್ತಿತ್ತು. ಹಿಂದಿನ ವರ್ಷದ್ದು ಮಿಕ್ಸಿಯ ಮೋಟಾರಿನಿಂದ ಕೂಲರ್ ತಯಾರಿಸುವ ಯೋಚನೆ. ಅದರಿಂದ ಮನೆಯಲ್ಲಿ ತಂಪೂ ಇಲ್ಲ, ಚಟ್ನಿಯೂ ಇಲ್ಲ ಎಂಬಂತಾಗಿ ಹೆಂಡತಿ ತ್ರಿವೇಣಿ ಮೂರು ತಿಂಗಳು ಒಳಕಲ್ಲಿನಲ್ಲಿ ರುಬ್ಬಿದ್ದಳು. ಹೀಗಾಗಿ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಅವನು ಚಹಾದ ಕಪ್ಪು ಕೆಳಗಿಟ್ಟು, “ತ್ರಿವೇಣಿ, ನನಗೊಂದು ಐಡಿಯಾ ಬಂದೈತಿ” ಎಂದಾಗ ಆಕೆ ಮಾಡಿದ ಮೊದಲ ಕೆಲಸವೆಂದರೆ ಹೊಸ ಮಿಕ್ಸಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ್ದು.

“ಮಿಕ್ಸಿ ಅಲ್ಲ ಮಾರಾಯ್ತಿ” ಎಂದ ಹಾಲೇಶ. “ಈ ದೀಪಾವಳಿಗೆ ನಿಮ್ಮವ್ವನ್ನ ಮನಿಗೆ ಕರ್ಕೊಂಡ ಬರೋಣ.”

ತ್ರಿವೇಣಿಯ ಕೈಯಲ್ಲಿದ್ದ ಬೀಗದ ಕೈ ಹಾಗೇ ನಿಂತಿತು.

ಆಕೆಯ ತಾಯಿ ಚೆನ್ನಬಸಮ್ಮ ಇದ್ದದ್ದು ಕಂಪ್ಲಿಯಲ್ಲಿ, ಮಗನ ಮನೆಯಲ್ಲಿ. ಇವರಿದ್ದ ಹೊಸಪೇಟೆಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಎಪ್ಪತ್ತರ ಹೊಸ್ತಿಲಲ್ಲಿ ಬಾಳೆ ತೋಟದ ಬದುವಿನ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ಕಾಲು ನಿಂತಿತ್ತು, ಬಾಯಿ ನಿಂತಿರಲಿಲ್ಲ. ಗಾಲಿ ಕುರ್ಚಿಯಲ್ಲೇ ಕೂತು ಮಗ, ಸೊಸೆ, ಗದ್ದೆ, ತೋಟ, ಅಕ್ಕಿ ಮಿಲ್ಲು ಎಲ್ಲವನ್ನೂ ನಡೆಸುತ್ತಿದ್ದರು. ಎರಡು ವರ್ಷದ ಹಿಂದೆ ದೀಪಾವಳಿಗೆಂದು ಹೊಸಪೇಟೆಗೆ ಬಂದಾಗ, ಮನೆಯ ಮುಂದಿನ ಮೂರು ಮೆಟ್ಟಿಲು ಹತ್ತಿಸಲು ನಾಲ್ಕು ಗಂಡಸರು ಅವರನ್ನು ಕುರ್ಚಿ ಸಮೇತ ಎತ್ತಿದ್ದರು. ಹಿಂದಿನ ಬಲಗಾಲು ಹಾಲೇಶನ ಪಾಲಿಗೆ ಬಂದಿತ್ತು. (ಕುರ್ಚಿಯ ಬಲಗಾಲು.) ಎರಡನೇ ಮೆಟ್ಟಿಲಲ್ಲಿ ಅವನ ಸ್ವಂತ ಬಲಗಾಲು ಜಾರಿತು. ಕುರ್ಚಿ ವಾಲಿತು. ಚೆನ್ನಬಸಮ್ಮ ಬೀಳಲಿಲ್ಲ, ಆದರೆ ಒಂದು ನಿಮಿಷ ಇಡೀ ಓಣಿಯ ಎದುರು ಸೀರೆಯ ನೆರಿಗೆ ಹಿಡಿದುಕೊಂಡು ಗಾಳಿಯಲ್ಲಿ ಓರೆಯಾಗಿ ಉಳಿದರು. ಕೆಳಗಿಳಿಸಿದ ಮೇಲೆ ಕಾರಿನಲ್ಲೇ ಕೂತು ಚಹಾ ಕುಡಿದು ಕಂಪ್ಲಿಗೆ ಹಿಂತಿರುಗಿದರು. ಮರುದಿನ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಾಕ ಮಂದಿ ಹೊತ್ಕೊಂಡ ಹೋಗೋದು ಜೀವನದಾಗ ಒಮ್ಮೆ ಐತಿ. ಅದಕ್ಕ ಇನ್ನೂ ಟೈಮ್ ಐತಿ.”

ಆಮೇಲೆ ಅವರು ಬರಲಿಲ್ಲ. ತ್ರಿವೇಣಿಯೇ ತಿಂಗಳಿಗೊಮ್ಮೆ ಕಂಪ್ಲಿಗೆ ಹೋಗಿ ಬರುತ್ತಿದ್ದಳು. ಆದರೂ ಹಬ್ಬದ ದಿನ ಹೋಳಿಗೆ ಬೇಯಿಸುವಾಗ ಆಕೆ ಒಮ್ಮೊಮ್ಮೆ ಹೆಂಚಿನ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು. “ಹೂರಣಾ ಕಡಿಮಿ ಆತು ಅಂತ ಬೈಯಾಕ ಯಾರೂ ಇಲ್ರಿ ಈ ಮನ್ಯಾಗ” ಎನ್ನುತ್ತಿದ್ದಳು. ಹಾಲೇಶ ಧೈರ್ಯ ಮಾಡಿ ಒಮ್ಮೆ ತಾನೇ ಬೈದು ನೋಡಿದ. ಅದು ಅಷ್ಟು ಸರಿಹೋಗಲಿಲ್ಲ.

“ಹೆಂಗ ಕರ್ಕೊಂಡ ಬರ್ತೀರಿ?” ಎಂದಳು ತ್ರಿವೇಣಿ.

“ಮೆಟ್ಲ ಮ್ಯಾಲೆ ರ್‍ಯಾಂಪ್ ಹಾಕ್ತೀನಿ. ಇಳಿಜಾರು. ಗಾಲಿ ಕುರ್ಚಿ ಸರಸರ ಹತ್ತಬೇಕು, ಯಾರೂ ಮುಟ್ಟಬಾರದು.”

“ಓನರ್ ಕೊಟ್ರಯ್ಯ ಸಿಮೆಂಟ್ ಹಾಕಾಕ ಬಿಡ್ತಾರೇನು?”

“ಸಿಮೆಂಟ್ ಯಾರಿಗೆ ಬೇಕು? ಕಟ್ಟಿಗೀಲೆ ಮಾಡ್ತೀನಿ. ಅಂತಿಂಥ ಕಟ್ಟಿಗಿ ಅಲ್ಲ ಅದು, ಪ್ರೆಶರ್ ಟ್ರೀಟೆಡ್!”

“ಕಟ್ಟಿಗೀಗೂ ಪ್ರೆಶರ್ ಇರ್ತೈತೇನ್ರಿ? ನಿಮ್ಮಂಗ ಮುಂಜಾನಿಗೊಂದು ಗುಳಿಗಿ ಹಾಕಬೇಕೇನು?”

ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಚೀನಾಕ್ಕೆ ಹೊರಟಿದ್ದ ಕಾಲ ಅದು. ಹಾಲೇಶ ಸಂಡೂರಿನಾಚೆಯ ಒಂದು ಖಾಸಗಿ ಗಣಿಯಲ್ಲಿ ಸ್ಟೋರ್ ಕೀಪರ್. ಅಲ್ಲಿಯ ಸಾಹುಕಾರರು ಗುಡ್ಡದ ನೆತ್ತಿಯಲ್ಲಿ ಗೆಸ್ಟ್ ಹೌಸ್ ಕಟ್ಟಿಸಿ, ಸಂಜೆ ಹೊತ್ತು ಕೂತು ಕೆಂಪು ಧೂಳು ನೋಡಲೆಂದು ಅದರ ಮುಂದೆ ಮರದ ಜಗುಲಿ ಹಾಕಿಸಿದ್ದರು. ಅದಕ್ಕೆಂದು ಹಡಗಿನಲ್ಲಿ ಬಂದ ಹಲಗೆಗಳಲ್ಲಿ ಒಂದು ರಾಶಿ ಉಳಿದಿತ್ತು. ದೊಡ್ಡ ಹಂಡೆಯಂಥ ಯಂತ್ರದಲ್ಲಿ ಮರವನ್ನು ಹಾಕಿ, ಒತ್ತಡ ಕೊಟ್ಟು, ಒಳಗಿನವರೆಗೂ ಔಷಧಿ ಕುಡಿಸಿದ ಹಲಗೆ. ಗೆದ್ದಲು ಹತ್ತಿರ ಸುಳಿಯದು, ಮಳೆಗೆ ಕೊಳೆಯದು. ಬಣ್ಣ ಮಾತ್ರ ವಾಂತಿ ಬರುವ ಮುಂಚಿನ ಮುಖದಂತೆ ಸ್ವಲ್ಪ ಹಸಿರು. ಮ್ಯಾನೇಜರರು “ಬೇಕಾದಷ್ಟು ಒಯ್ರಿ, ಜಾಗ ಖಾಲಿ ಆಗ್ಲಿ” ಎಂದಿದ್ದರು.

ಹಲಗೆ ಬಂತು. ಹಾಲೇಶ ಅಳತೆ ಹಾಕಿದ. ಮೂರು ಮೆಟ್ಟಿಲು, ಒಂದೂವರೆ ಅಡಿ ಎತ್ತರ. ಪ್ರತಿ ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಕೊಟ್ಟರೆ ಕೂತವರೇ ಕೈಯಿಂದ ಗಾಲಿ ತಿರುಗಿಸಿಕೊಂಡು ಹತ್ತಬಹುದು. ಹಾಗಾಗಿ ಹದಿನೆಂಟು ಅಡಿ, ಸರಿಯಾಗಿ ಗೇಟಿನವರೆಗೆ. ಇಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿಯೇ ಇತ್ತು. ಇತಿಹಾಸಕ್ಕೋಸ್ಕರ ಅದನ್ನು ದಾಖಲಿಸಬೇಕು.

“ಬಡಿಗ್ಯಾರನ್ನ ಕರೀರಿ” ಎಂದಳು ತ್ರಿವೇಣಿ.

“ಹನ್ನೊಂದು ಸಾವಿರ ಸ್ಪೇರ್ ಪಾರ್ಟಿನ ನಂಬರ್ ಬಾಯಾಗ ಇಟ್ಕೊಂಡಾವ ನಾನು. ಮೊಳೆ ಹೊಡ್ಯಾಕ ಬಡಿಗ್ಯಾ ಬೇಕೇನು?”

“ನಿಮ್ಮ ಚಸ್ಮಾ ಎಲ್ಲೈತಿ ಅಂತ ದಿನಾ ನನ್ನ ಕೇಳ್ತೀರಲ್ಲ, ಅದರ ನಂಬರ್ ಎಷ್ಟ?”

ಹಾಲೇಶ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಶಂಭುಲಿಂಗನ ಹಾರ್ಡ್‌ವೇರ್ ಅಂಗಡಿಗೆ ಹೊರಟ. ಶಂಭುಲಿಂಗ ಒಳ್ಳೆಯ ವ್ಯಾಪಾರಿ; ಗಿರಾಕಿ ಏನು ಕೇಳಿದರೂ ಅದೇ ಸರಿಯಾದ ವಸ್ತು ಎನ್ನುವ ಸ್ವಭಾವ. ಗೆಸ್ಟ್ ಹೌಸಿನ ಕೆಲಸಗಾರರು ಗಾಳಿಯ ಒತ್ತಡದಿಂದ ಟಪ್ ಟಪ್ ಎಂದು ಮೊಳೆ ಹೊಡೆಯುವ ಯಂತ್ರ, ಅವರ ಬಾಯಲ್ಲಿ ‘ಗನ್’, ಬಳಸಿದ್ದನ್ನು ಹಾಲೇಶ ಬಾಯಿ ತೆರೆದು ನೋಡಿದ್ದ. ಅದೇ ಬೇಕೆಂದ. ಶಂಭುಲಿಂಗ ಬಾಡಿಗೆಗೊಂದು ಪುಟ್ಟ ಯಂತ್ರ ತೆಗೆದುಕೊಟ್ಟ. ಖುಷಿಯಲ್ಲಿ ಹಾಲೇಶ ಅಲ್ಲಿಂದಲೇ ಮನೆಗೆ ಫೋನ್ ಮಾಡಿ, “ತ್ರಿವೇಣಿ, ಗನ್ ಸಿಕ್ತು! ನಿಮ್ಮವ್ವ ಬರೋದ್ರಾಗ ಕೆಲಸ ಮುಗಿಸಿಬಿಡ್ತೀನಿ!” ಎಂದು ಕೂಗಿದ.

ಲಾರಿಗಳ ಸದ್ದಿಗೆ ಕೇಳಿಸದೆಂದು ತ್ರಿವೇಣಿ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಪಕ್ಕದಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಎದುರು ಮನೆಯ ಭೀಮವ್ವ ಕೂತಿದ್ದಳು. ಗಣಿ ಧಣಿಗಳು ಬಂದೂಕಿನವರನ್ನು ಹಿಂದೆ ಮುಂದೆ ಇಟ್ಟುಕೊಂಡು ಓಡಾಡುತ್ತಿದ್ದ ಊರದು. ಗನ್ನು ಎಂದರೆ ಯಾರೂ ಎರಡನೇ ಅರ್ಥ ಹುಡುಕುತ್ತಿರಲಿಲ್ಲ. ಹಾಲೇಶ ಮನೆ ಮುಟ್ಟುವುದರೊಳಗೆ ಸ್ಟೋರ್ ಕೀಪರ್ ಹಾಲೇಶಪ್ಪ ಅತ್ತೆಗಾಗಿ ಗನ್ನು ತಂದಿದ್ದಾನೆ ಎಂಬ ಸುದ್ದಿ ಊರ ಕಾಲುವೆಯ ಆಚೆ ದಂಡೆಯನ್ನೂ ಮುಟ್ಟಿತ್ತು. ಅವನು ಗೇಟಿನಲ್ಲಿ ಆಟೋದಿಂದ ಇಳಿದಾಗ ಭೀಮವ್ವ ದೂರದಿಂದಲೇ ಕೈ ಮುಗಿದಳು.

“ಯಪ್ಪಾ, ವಯಸ್ಸಾದ ಜೀವ ಅದು. ಏನ ಅಂದಿದ್ರೂ ಹೊಟ್ಯಾಗ ಹಾಕ್ಕೊಳ್ರಿ.”

ಆ ಪುಟ್ಟ ಗನ್ನಿನಿಂದ ಇಡೀ ಭಾನುವಾರ ಹೊಡೆದದ್ದಾಯಿತು. ಸಂಜೆ ಪರೀಕ್ಷೆಗೆಂದು ತ್ರಿವೇಣಿ ಒಂದು ಹಲಗೆಯ ತುದಿಯನ್ನು ಎರಡು ಬೆರಳಿನಿಂದ ಎತ್ತಿದಳು. ಅದು ಹಪ್ಪಳದಂತೆ ಎದ್ದು ಬಂತು. ಆ ಯಂತ್ರ ಕಿಟಕಿಯ ಚೌಕಟ್ಟಿಗೆ ಅಲಂಕಾರದ ಪಟ್ಟಿ ಹಚ್ಚುವಂಥದ್ದು, ಅದರ ಮೊಳೆ ಗುಂಡುಸೂಜಿಯ ತಮ್ಮ. ಮರುವಾರ ಹಾಲೇಶ ಅದನ್ನು ಹಿಂತಿರುಗಿಸಿ, ಮರದ ಪೆಟ್ಟಿಗೆ ಮಾಡುವವರು ಬಳಸುವ ದೊಡ್ಡ ಗನ್ನು ತಂದ. ಮೂರಿಂಚಿನ ಮೊಳೆಗಳು ತಂತಿಯಲ್ಲಿ ಹೆಣೆದ ಸುರುಳಿಯಾಗಿ ಅದರ ಹೊಟ್ಟೆಯೊಳಗೆ ಕೂರುತ್ತಿದ್ದವು. ಎಂಥ ಮೊಳೆ ಎಂದು ಅವನು ಕೇಳಲಿಲ್ಲ. ಮಿಂಚುತ್ತಿದ್ದವು, ಉದ್ದವಿದ್ದವು, ಅಷ್ಟು ಸಾಕಿತ್ತು.

ದೊಡ್ಡ ಗನ್ನು ಹೊಡೆದ ಇನ್ನೂರ ಹನ್ನೆರಡು ಮೊಳೆಗಳಲ್ಲಿ ಇನ್ನೂರ ಹನ್ನೊಂದು ಬರೀ ಹಲಗೆಗೆ ಬಿದ್ದವು. ಉಳಿದೊಂದು ಹಾಲೇಶನ ಲುಂಗಿಯ ಅಂಚನ್ನು ಹಿಡಿದುಕೊಂಡು ಹಲಗೆಯೊಳಗೆ ಇಳಿಯಿತು. ಅವನಿಗೆ ಅದು ತಿಳಿದದ್ದು ಎದ್ದು ನಿಂತಾಗ. ಭೀಮವ್ವನಿಗೂ ಆಗಲೇ ತಿಳಿಯಿತು. ಅವನು ಸರಕ್ಕನೆ ಮತ್ತೆ ಕೂತುಬಿಟ್ಟ. ತ್ರಿವೇಣಿ ಒಳಗಿನಿಂದ ಪ್ಯಾಂಟು ತಂದು ಕೊಡುವವರೆಗೆ, ಬಹಳ ಸೂಕ್ಷ್ಮವಾದದ್ದೇನನ್ನೋ ಅಳೆಯುತ್ತಿರುವವನಂತೆ ಆ ಹಲಗೆಯನ್ನೇ ದಿಟ್ಟಿಸುತ್ತಿದ್ದ.

ರ್‍ಯಾಂಪು ತಯಾರಾಯಿತೆಂದು ಅತ್ತೆಗೆ ಫೋನು ಹೋಯಿತು.

“ಭಾಳ ಛಲೋ ಆತು ಅಳಿಯಂದಿರ. ಒಂದು ಮಳಿಗಾಲ ತಡೀಲಿ. ಆಮ್ಯಾಲೆ ನಾ ಬರ್ತೀನಿ” ಎಂದರು ಚೆನ್ನಬಸಮ್ಮ.

“ನಂಬಿಕಿ ಇಲ್ಲ ನೋಡು ನಿಮ್ಮವ್ವಗ” ಎಂದು ಹಾಲೇಶ ಮುನಿಸಿಕೊಂಡ.

ಮಳೆ ಜೋರಾಯಿತು. ಮಳೆ ಬಾರದ ದಿನ ತ್ರಿವೇಣಿಯೇ ಮಳೆಯಾದಳು. ಲಾರಿಯ ಕೆಂಪು ಧೂಳು ಕೂರುತ್ತದೆಂದು ದಿನಾ ಬೆಳಿಗ್ಗೆ ಎರಡು ಕೊಡ ನೀರು ಸುರಿದು ರ್‍ಯಾಂಪು ತೊಳೆಯುತ್ತಿದ್ದಳು. ಶ್ರಾವಣ ಕಳೆಯುವುದರೊಳಗೆ ಪ್ರತಿ ಮೊಳೆಯ ತಲೆಯ ಸುತ್ತ ಕಪ್ಪು ಮಚ್ಚೆ ಕಂಡಿತು. ಆಮೇಲೆ ಮಚ್ಚೆಯಿಂದ ಕಂದು ಬಣ್ಣದ ಗೆರೆ ಇಳಿಯಿತು.

“ರೀ, ಮೊಳೆ ಅಳಾಕ ಹತ್ಯಾವ್ರಿ.”

“ಕಟ್ಟಿಗಿ ಬಣ್ಣಾ ಬಿಡಾಕ ಹತ್ತೈತಿ. ಫಾರಿನ್ ಮಾಲು, ಹಂಗ ಇರ್ತೈತಿ” ಎಂದ ಹಾಲೇಶ.

ದಸರೆಯ ಹೊತ್ತಿಗೆ ಮೇಲಿನ ಎರಡು ಹಲಗೆ ಕಾಲಿಟ್ಟರೆ ಕಟಕಟ ಎನ್ನತೊಡಗಿದವು. ಇದನ್ನು ತ್ರಿವೇಣಿಗೆ ಹೇಳುವ ಧೈರ್ಯ ಅವನಿಗಾಗಲಿಲ್ಲ. ಆಕೆ ಆಗಲೇ ಅವ್ವನ ಹಾಸಿಗೆಗೆಂದು ಹೊಸ ಕೌದಿ ಹೊಲಿಸಿದ್ದಳು. ಅಡುಗೆಮನೆಯಲ್ಲಿ ಗಾಲಿ ಕುರ್ಚಿ ತಿರುಗುವಷ್ಟು ಜಾಗಕ್ಕಾಗಿ ಹಿಟ್ಟಿನ ಡಬ್ಬಿಗಳನ್ನೆಲ್ಲ ಮಂಚದ ಕೆಳಗೆ ಸರಿಸಿದ್ದಳು. ರಾತ್ರಿ ಊಟಕ್ಕೆ ಕೂತಾಗಲೆಲ್ಲ “ಅವ್ವ ಇಲ್ಲಿ ಕುಂದರ್ತಾಳ, ನೀವು ಸ್ವಲ್ಪ ಆಚಿ ಸರೀಬೇಕಾಗ್ತೈತಿ” ಎಂದು ಅವನನ್ನು ಈಗಿನಿಂದಲೇ ಸರಿಸುತ್ತಿದ್ದಳು. ಹಾಲೇಶ ಒಂದು ಡಬ್ಬಿ ಕೆಂಪು ಬಣ್ಣ ತಂದ. ಇಡೀ ರ್‍ಯಾಂಪಿಗೆ ಹಚ್ಚಿದ. ಮೊಳೆಗಳ ಅಳು ನಿಂತಿತು, ಕಾಣುವ ಮಟ್ಟಿಗೆ.

ದೀಪಾವಳಿಗೆ ಎರಡು ದಿನ ಮುಂಚೆ, ಬೆಳಿಗ್ಗೆ ಹತ್ತು ಗಂಟೆಗೆ, ಚೆನ್ನಬಸಮ್ಮನ ಕಾರು ಗೇಟಿನಲ್ಲಿ ನಿಂತಿತು. ಮಗ ಅವರನ್ನು ಗಾಲಿ ಕುರ್ಚಿಗೆ ಕೂರಿಸಿ, ಮಿಲ್ಲಿನಲ್ಲಿ ಭತ್ತದ ಲಾರಿ ನಿಂತಿದೆ ಎಂದು ಅವಸರದಲ್ಲಿ ಹೊರಟುಹೋದ. ಓಣಿಯ ಬಾಗಿಲುಗಳೆಲ್ಲ ತೆರೆದವು. ತ್ರಿವೇಣಿ ಆರತಿಯ ತಟ್ಟೆ ಹಿಡಿದು ಮೇಲೆ ಹೊಸ್ತಿಲಲ್ಲಿ ನಿಂತಳು. ಎರಡು ವರ್ಷದಿಂದ ಹಿಡಿದಿಟ್ಟ ನಗು ಆಕೆಯ ಮುಖದ ತುಂಬ ಇತ್ತು.

ಚೆನ್ನಬಸಮ್ಮ ಬಳೆ ಹಿಂದಕ್ಕೆ ಸರಿಸಿ, ಎರಡೂ ಗಾಲಿಗೆ ಕೈ ಹಾಕಿದರು. “ಯಾರೂ ಮುಟ್ಟಬ್ಯಾಡ್ರಿ” ಎಂದರು.

ಹಾಲೇಶ ಆ ಕೈಗಳನ್ನು ನೋಡಿದ. ತೋಟದಲ್ಲಿ ದುಡಿದು ಗಂಟು ಕಟ್ಟಿದ ಬೆರಳುಗಳು. ಮೇಲಿನ ಕಟಕಟ ಎನ್ನುವ ಹಲಗೆಗಳನ್ನು ನೆನೆದ. ಅವನ ಕಣ್ಣಿಗೆ ಮತ್ತೆ ಆ ಓರೆಯಾದ ಕುರ್ಚಿ ಕಂಡಿತು. ಮುಂದಿನ ಗಾಲಿಗಳು ರ್‍ಯಾಂಪನ್ನು ಮುಟ್ಟುವಷ್ಟರಲ್ಲಿ ಓಡಿ ಬಂದು ಅಡ್ಡ ನಿಂತ.

“ಅತ್ತ್ಯಾರ, ಹತ್ತಬ್ಯಾಡ್ರಿ!”

ತ್ರಿವೇಣಿ ಹೊಸ್ತಿಲಿನಿಂದಲೇ ಗದರಿದಳು. “ಏನ್ರಿ ಅದು, ಬಾಗಿಲಿಗೆ ಬಂದೋರನ್ನ...”

“ಮ್ಯಾಲಿನ ಹಲಗಿ ಸಡ್ಲ ಆಗ್ಯಾವ” ಎಂದ ಹಾಲೇಶ. “ಮೊಳೆ ತುಕ್ಕು ಹಿಡದಾವ. ಯಾಕ ಅಂತ ನನಗ ತಿಳೀಲಿಲ್ಲ. ಗೊತ್ತಿದ್ದೂ ಬಣ್ಣಾ ಹಚ್ಚಿ ಮುಚ್ಚೀನಿ. ತಪ್ಪಾತ್ರಿ.”

ತ್ರಿವೇಣಿ ಆರತಿಯನ್ನು ಹೊಸ್ತಿಲ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಚೆನ್ನಬಸಮ್ಮ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕುರ್ಚಿಯಿಂದ ಬಾಗಿ, ಹಲಗೆಯ ಕೊಯ್ದ ತುದಿಯನ್ನು ನೋಡಿದರು. ಬಣ್ಣ ಅಲ್ಲಿಗೆ ತಲುಪಿರಲಿಲ್ಲ. ಉಗುರಿನಿಂದ ಕೆರೆದರು. ಮೂಸಿದರು.

“ಈ ಹಸರು ಏನಿದು?”

“ಔಷಧಿ ಕುಡಿಸ್ಯಾರ್ರಿ. ಗೆದ್ಲು ಹತ್ತಬಾರದಂತ. ತಾಮ್ರ ಇರ್ತೈತಂತ ಅದರಾಗ.”

“ಅಂದ್ರ ಮೈಲುತುತ್ತದ ಪೈಕಿ!” ಎಂದರು ಚೆನ್ನಬಸಮ್ಮ. “ಅಳಿಯಂದಿರ, ನಮ್ಮ ಯಜಮಾನ್ರು ಬಾಳಿ ತೋಟಕ್ಕ ಮೈಲುತುತ್ತ ಸುಣ್ಣ ಕಲಸಿ ಹೊಡೀತಿದ್ರು. ಒಂದ ಸಲ ಮಣ್ಣಿನ ಬಾನಿ ಒಡೀತು ಅಂತ ಕಬ್ಬಿಣದ ಬಕೀಟಿನಾಗ ಕಲಸಿದ್ರು. ನಾ ಬ್ಯಾಡ ಬ್ಯಾಡ ಅಂದೆ. ಆ ಬಕೀಟಿನ ತಳ ಒಂದು ವರ್ಷ ಬಾಳಲಿಲ್ಲ. ತಾಮ್ರದ ಔಷಧಿ ಲೇಪ ಇಲ್ಲದ ಕಬ್ಬಿಣಾನ ತಿಂತೈತಿ. ನೀವು ಇದಕ್ಕ ಎಂಥಾ ಮೊಳೆ ಹೊಡ್ದೀರಿ?”

“ಬರೀ ಕಬ್ಬಿಣದ್ದು” ಎಂದ ಹಾಲೇಶ.

ಹನ್ನೊಂದು ಸಾವಿರ ಬಿಡಿಭಾಗಗಳಲ್ಲಿ ಒಂದೂ ಆ ಕ್ಷಣ ಅವನ ಸಹಾಯಕ್ಕೆ ಬರಲಿಲ್ಲ.

“ಸತುವಿನ ಲೇಪ ಇರೋ ಮೊಳೆ ತರ್ರಿ. ನಾ ಇಲ್ಲೇ ಕುಂದರ್ತೀನಿ” ಎಂದು ಚೆನ್ನಬಸಮ್ಮ ಕುರ್ಚಿಯನ್ನು ಭೀಮವ್ವನ ಮನೆಯ ಬೇವಿನ ನೆರಳಿಗೆ ತಿರುಗಿಸಿಕೊಂಡರು. ವಾಪಸ್ ಕಂಪ್ಲಿಗೆ ಎಂಬ ಮಾತು ಅವರ ಬಾಯಿಂದ ಬರುತ್ತದೆಂದು ಹೆದರಿದ್ದ ತ್ರಿವೇಣಿ ಚಹಾಕ್ಕೆ ನೀರಿಡಲು ಒಳಗೆ ಓಡಿದಳು.

ಹಾಲೇಶ ಓಡಿದ. ಶಂಭುಲಿಂಗ ಥಳಥಳಿಸುವ ಬೆಳ್ಳಿ ಬಣ್ಣದ ಮೊಳೆ ಕೊಟ್ಟ. ಚೆನ್ನಬಸಮ್ಮ ಒಂದನ್ನೆತ್ತಿ ಕಲ್ಲಿಗೆ ಎರಡು ಸಲ ಉಜ್ಜಿದರು. ಬೆಳ್ಳಿ ಹೋಗಿ ಕರಿ ಕಬ್ಬಿಣ ಇಣುಕಿತು.

“ಇದು ಮದುವಿ ಮನಿ ಪೌಡರ್. ಬೆವತ್ರ ಹೋತು. ನೀರಿನ ಪೈಪಿಗೆ ಇರ್ತೈತಲ್ಲ, ಕಾದ ಸತುವಿನಾಗ ಮುಳುಗಿಸಿ ತೆಗೆದದ್ದು, ದಪ್ಪ ಲೇಪ? ಅಂಥಾದ್ದು ಬೇಕು. ನೋಡಾಕ ಮಾಸಲು ಇರ್ತೈತಿ.”

ಹಾಲೇಶ ಮತ್ತೆ ಓಡಿದ. ಶಂಭುಲಿಂಗ ಗೋದಾಮಿನ ಮೂಲೆಯಿಂದ ಒಂದು ಚೀಲ ಎಳೆದು ತಂದ. ಬೂದು ಬಣ್ಣ, ಒರಟು ಮೈ. “ನಾಕ ವರ್ಷದಿಂದ ಬಿದ್ದೈತ್ರಿ. ಹೊಳಿಯಂಗಿಲ್ಲ ಅಂತ ಒಬ್ರೂ ಒಯ್ದಿಲ್ಲ. ಸ್ಟೀಲಿನ ಮೊಳೆ ಇನ್ನೂ ಛಲೋ, ಆದ್ರ ಅದು ಬೆಂಗಳೂರಿಂದ ಬರಬೇಕು” ಎಂದ. ಇವು ಬಿಡಿ ಮೊಳೆಗಳು. ಸುರುಳಿಯಲ್ಲಿ ಹೆಣೆದ ಮೊಳೆಯನ್ನು ಬಿಟ್ಟರೆ ಆ ಗನ್ನು ಬೇರೇನನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಂದರೆ ಎಲ್ಲವನ್ನೂ ಕೈಯಿಂದಲೇ ಬಡಿಯಬೇಕು.

ಮೊದಲು ಹಳೆಯದನ್ನು ಕೀಳಬೇಕಿತ್ತು. ಅರ್ಧದಷ್ಟು ಮೊಳೆಗಳು ನಡುವಿನಲ್ಲಿ ಸವೆದು, ಎಳೆದ ಕೂಡಲೇ ತಲೆ ಬೇರೆ ಮುಂಡ ಬೇರೆ ಆದವು. ಆಮೇಲೆ ಸುತ್ತಿಗೆಯ ಕೆಲಸ ಶುರುವಾಯಿತು. ಮೂರನೇ ಮೊಳೆಗೇ ಹಾಲೇಶ ಹೆಬ್ಬೆರಳಿಗೆ ಹೊಡೆದುಕೊಂಡ. ತ್ರಿವೇಣಿ ಓಡಿ ಬಂದು ಅರಿಶಿನ ಒತ್ತಿ ಬಟ್ಟೆ ಸುತ್ತಿದಳು. ಬೈಯಬೇಕೆಂದು ಬಾಯಿ ತೆರೆದವಳು ಅವನ ಬೆವರಿದ ಹಣೆ ನೋಡಿ ಸೆರಗಿನಿಂದ ಅದನ್ನು ಒರೆಸಿದಳು. ಭೀಮವ್ವ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಳಿಸಿದಳು. ಚೆನ್ನಬಸಮ್ಮ ಕುರ್ಚಿಯನ್ನು ಹತ್ತಿರ ತಂದುಕೊಂಡು ಮೊಳೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಕೊಡತೊಡಗಿದರು.

“ನೆಟ್ಟಗ ಹಿಡೀರಿ. ಮೊದಲ ಸಣ್ಣ ಪೆಟ್ಟು. ಹಾಂ, ಈಗ ಜೋರ.”

ಬಡಿತ ಒಂದು ಲಯಕ್ಕೆ ಬಂತು. ಮೂರನೇ ಹಲಗೆ ಮುಗಿಯುವಾಗ ಹಾಲೇಶ ತಲೆ ಎತ್ತದೆ ಹೇಳಿದ: “ಅವತ್ತು ನನ್ನ ಕಾಲು ಜಾರಿದ್ದು... ಎರಡು ವರ್ಷ ಆತ್ರಿ, ಒಮ್ಮೆ ಕ್ಷಮಾ ಸೈತ ಕೇಳಲಿಲ್ಲ ನಾನು.”

ಚೆನ್ನಬಸಮ್ಮ ಮುಂದಿನ ಮೊಳೆಯನ್ನು ಕೊಡದೆ ಕೈಯಲ್ಲೇ ತಿರುಗಿಸಿದರು.

“ನೀವು ಜಾರಿದ್ದಕ್ಕ ನನಗ ಸಿಟ್ಟಿಲ್ಲ ಅಳಿಯಂದಿರ. ಎತ್ತುವಾಗ ಯಾರೂ ನನ್ನ ಕೇಳಲಿಲ್ಲ. ಹೂಂ ಅಂತ ನನ್ನ ಬಾಯಿಂದ ಬರೋದ್ರಾಗ ಮ್ಯಾಲೆ ಇದ್ದೆ. ಅಕ್ಕಿ ಮೂಟಿನ ಯಾರೂ ಕೇಳಿ ಎತ್ತಂಗಿಲ್ಲ ನೋಡ್ರಿ, ಹಂಗ.” ಮೊಳೆ ಮುಂದೆ ಚಾಚಿದರು. “ಇವತ್ತು ನೀವು ಅಡ್ಡ ನಿಂತು ಹೇಳಿದ್ರಿ. ಅದು ಛಲೋ ಆತು. ಹೊಡೀರಿ, ಹೊತ್ತ ಆತು.”

ಹಾಲೇಶನಿಗೆ ಮುಂದಿನ ನಾಲ್ಕೈದು ಮೊಳೆಗಳು ಮಂಜಾಗಿ ಕಂಡವು. ಧೂಳು ಬಿದ್ದಿತೆಂದು ಕಣ್ಣೊರೆಸಿಕೊಂಡ. ಅಂದು ಬೇಕಾದಷ್ಟು ಧೂಳಿತ್ತು, ಆದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಸಂಜೆ ಐದೂವರೆಗೆ ಕೊನೆಯ ಮೊಳೆ ಒಳಗಿಳಿಯಿತು. ಹಾಲೇಶ ಮೊದಲು ತಾನು ಕುಣಿದು ನೋಡಿದ. ಆಮೇಲೆ ಭೀಮವ್ವನನ್ನು ನಿಲ್ಲಿಸಿ ನೋಡಿದ. (ತೂಕದ ದೃಷ್ಟಿಯಿಂದ ಅದೇ ಕೊನೆಯ ಪರೀಕ್ಷೆ.) ಒಂದು ಹಲಗೆಯೂ ಉಸಿರೆತ್ತಲಿಲ್ಲ. ಚೆನ್ನಬಸಮ್ಮ ಗಾಲಿಗೆ ಕೈ ಹಾಕಿದರು. ಒಂದು ತಳ್ಳು, ಒಂದು ಉಸಿರು. ನಡುವೆ ಒಮ್ಮೆ ನಿಂತರು. ಹಾಲೇಶನ ಕೈಗಳು ತಾವಾಗಿ ಮುಂದೆ ಹೋದವು, ಅವನು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮತ್ತೊಂದು ತಳ್ಳು. ಹೊಸ್ತಿಲು ದಾಟಿದ ಚೆನ್ನಬಸಮ್ಮ ಸೀದಾ ಅಡುಗೆಮನೆಗೆ ಹೋಗಿ, ಬುಟ್ಟಿಯಲ್ಲಿದ್ದ ಹೋಳಿಗೆಯೊಂದನ್ನು ಮುರಿದು ನೋಡಿ, “ಹೂರಣಾ ಕಡಿಮಿ ಆಗೈತಿ” ಎಂದರು.

ತ್ರಿವೇಣಿ ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಹಾಲೇಶ ಎರಡು ಹೋಳಿಗೆ ಎತ್ತಿಕೊಂಡು ಹೊರಗೆ ಬಂದು ಕೂತ.

ಮರುದಿನ ಬೆಳಿಗ್ಗೆ ಅವನು ಚಹಾ ಕುಡಿಯುತ್ತಿರುವಾಗ ಅತ್ತೆ ಒಬ್ಬರೇ ರ್‍ಯಾಂಪು ಇಳಿದು ಗೇಟಿನ ಹೊರಗೆ ಹೋದರು. ತರಕಾರಿ ಗಾಡಿಯವನ ಜೊತೆ ಬದನೆಕಾಯಿಗಾಗಿ ಜಗಳವಾಡಿ ಗೆದ್ದು ಹತ್ತಿ ಬಂದರು. ಮತ್ತೆ ಇಳಿದು ಭೀಮವ್ವನ ಮನೆಗೆ ಹೋದರು. ಮತ್ತೆ ಹತ್ತಿದರು. ಯಾವ ಕೆಲಸವೂ ಇಲ್ಲದೆ ಮತ್ತೊಮ್ಮೆ ಇಳಿದರು, ಹತ್ತಿದರು. ಹಾಲೇಶ ಎಣಿಸಿದ, ಹತ್ತೂವರೆಯೊಳಗೆ ಒಂಬತ್ತು ಸಲ. ಒಂಬತ್ತನೇ ಸಲ ಅವನ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿ ಬೀದಿಯನ್ನೇ ನೋಡುತ್ತ ಕೇಳಿದರು: “ಆ ಮಾಸಲು ಮೊಳೆ ಇನ್ನೂ ಎಷ್ಟ ಉಳದಾವ?”

“ಅರ್ಧ ಚೀಲದ ಮ್ಯಾಲೆ ಅದಾವ್ರಿ. ಯಾಕ್ರಿ ಅತ್ತ್ಯಾರ?”

“ಗುಡ್ಡದಾಗ ಹಲಗಿ?”

“ರಾಶಿ ಐತ್ರಿ.”

“ಕಂಪ್ಲಿ ಮನ್ಯಾಗ ಏಳ ಮೆಟ್ಲ ಅದಾವ” ಎಂದರು ಚೆನ್ನಬಸಮ್ಮ, ಮೆಲ್ಲಗೆ. “ನಿಮ್ಮನಿಗೆ ಬರಂಗಿಲ್ಲ ಅಂತ ಎಲ್ಲಾರಿಗೂ ಹೇಳ್ತಿದ್ದೆ. ಖರೇ ಹೇಳಬೇಕಂದ್ರ ಎರಡು ವರ್ಷ ನಾ ಎಲ್ಲೂ ಹೋಗಿಲ್ಲ. ತೋಟಾ ಸೈತ ನೋಡಿಲ್ಲ. ನಿನ್ನಿ ಮಗ ಎತ್ತಿ ಕಾರಿಗೆ ಹಾಕುವಾಗ ಕಣ್ಣ ಮುಚ್ಚಿದ್ದೆ.”

ಹಾಲೇಶ ಕಪ್ಪನ್ನು ಕೆಳಗಿಟ್ಟ. ಗದ್ದೆ, ತೋಟ, ಮಿಲ್ಲು ಎಲ್ಲವನ್ನೂ ನಡೆಸುತ್ತಾರೆಂದು ಊರೆಲ್ಲ ಹೇಳುವ ಹೆಂಗಸು ಎರಡು ವರ್ಷ ಬಾಗಿಲಲ್ಲೇ ಕೂತು ಅದನ್ನು ನಡೆಸಿದ್ದರು. ಅವನು ರೂಢಿಯಂತೆ ಲೆಕ್ಕ ಹಾಕಿದ. ಏಳು ಮೆಟ್ಟಿಲು. ಮೂರೂವರೆ ಅಡಿ ಎತ್ತರ. ಇಂಚಿಗೊಂದು ಅಡಿ.

“ನಲವತ್ತೆರಡಡಿ ಆಗ್ತೈತ್ರಿ ಅತ್ತ್ಯಾರ” ಎಂದ, ಉಸಿರು ಸಣ್ಣದು ಮಾಡಿಕೊಂಡು.

“ಹಿತ್ತಲ ಕಡಿ ಜಾಗ ಐತಿ. ಭಾನುವಾರ ಭಾನುವಾರ ಬರ್ರಿ, ಸಂಕ್ರಾಂತಿ ಅನ್ನೋದ್ರಾಗ ಮುಗೀತೈತಿ. ನಾ ಮೊಳೆ ಕೊಡ್ತೀನಿ” ಎಂದವರೇ ಅವರು ಹತ್ತನೇ ಸಲ ಇಳಿಯಲು ಹೊರಟರು.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ತ್ರಿವೇಣಿ ಹೊರಗೆ ಬಂದು ಅವನ ಪಕ್ಕದಲ್ಲಿ ಕೂತಳು. ಆಕೆಯ ಕಣ್ಣು ಇನ್ನೂ ಕೆಂಪಗಿತ್ತು, ಬಾಯಿ ನಗುತ್ತಿತ್ತು.

“ರೀ, ಮನ್ಯಾಗ ನಮ್ಮಣ್ಣ ಇದ್ದಾನ, ಮಿಲ್ಲಿನಾಗ ಬಡಿಗ್ಯಾರ ಅದಾರ. ಆದ್ರೂ ಅವ್ವ ನಿಮ್ಮನ್ನ ಕೇಳಿದ್ಲು ನೋಡ್ರಿ. ನಿಮ್ಮನ್ನ!”

ಹಾಲೇಶನ ಎದೆ ಉಬ್ಬಿತು. ಹೆಬ್ಬೆರಳು ಮೊದಲೇ ಉಬ್ಬಿತ್ತು.